ಹನ್ನೊಂದು ಗಂಟೆಗೆ ನೆಟ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಮಂಡ್ಯದ ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲ್ಯಾಬಿನಲ್ಲಿ 60 ಕಂಪ್ಯೂಟರ್, ಆಫೀಸಿನಲ್ಲಿ 12, ಸ್ಟಾಫ್ ರೂಮಿಗೆ ವೈಫೈ, ಆವರಣಕ್ಕೆ 16 ಕ್ಯಾಮೆರಾ. ಎಲ್ಲಕ್ಕೂ ಒಂದೇ 100 ಎಂಬಿಪಿಎಸ್ ಫೈಬರ್ ಲೈನ್. ದಿನಾ ಬೆಳಿಗ್ಗೆ 11ರಿಂದ 1ರವರೆಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೂತ ಮಕ್ಕಳಿಗೆ ಪೇಜೇ ತೆರೆಯುವುದಿಲ್ಲ. ಓಟಿಪಿ ಹಾಕುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಸಂಜೆ ಲ್ಯಾಬ್ ಮುಚ್ಚುವಾಗ ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ 96, ಅಪ್‌ಲೋಡ್ 20 ತೋರಿಸುತ್ತದೆ. ಪ್ರಾಂಶುಪಾಲರು 300ರ ಪ್ಲಾನ್ ತೆಗೆದುಕೊಳ್ಳೋಣ ಎನ್ನುತ್ತಾರೆ. ಆಫೀಸ್ ಸೂಪರಿಂಟೆಂಡೆಂಟ್ ಯೂಟ್ಯೂಬ್ ಬ್ಲಾಕ್ ಮಾಡಿಸಿ ಎನ್ನುತ್ತಾರೆ. ಯಾರು ಎಷ್ಟು ನೆಟ್ ಎಳೆಯುತ್ತಿದ್ದಾರೆ ಎಂದು ನೋಡುವುದು ಹೇಗೆ? ಹಾಗೆ ನೋಡುವುದು ಸರಿಯೇ?
ಲ್ಯಾಬ್ ಇನ್‌ಸ್ಟ್ರಕ್ಟರ್, ಮಂಡ್ಯ

ಉತ್ತರ:

ಮೇಡಂ, ಎರಡನ್ನೂ ಸದ್ಯಕ್ಕೆ ತಡೆಹಿಡಿಯಿರಿ. 300ರ ಪ್ಲಾನಿಗೆ ಸಹಿ ಹಾಕುವುದಕ್ಕೂ ಯೂಟ್ಯೂಬ್ ಮುಚ್ಚುವುದಕ್ಕೂ ಮೊದಲು ರೋಗ ಎಲ್ಲಿದೆ ಎಂದು ತಿಳಿಯಬೇಕು. ನೀವು ಬರೆದಿರುವ ಲಕ್ಷಣ ನೋಡಿದರೆ ನಿಮ್ಮ ಲೈನ್ ಚಿಕ್ಕದಾಗಿದೆ ಅನ್ನುವುದಕ್ಕಿಂತ ಅದರ ಬಾಯಲ್ಲಿ ಕ್ಯೂ ಬೆಳೆಯುತ್ತಿದೆ ಎಂದೇ ನನಗನ್ನಿಸುತ್ತದೆ. ಮೈಸೂರು, ಮಂಡ್ಯ ಸುತ್ತಮುತ್ತ ಕಾಲೇಜು, ಹಾಸ್ಟೆಲ್, ಸಹಕಾರ ಸಂಘಗಳ ನೆಟ್‌ವರ್ಕ್ ನೋಡಿಕೊಂಡು ಇಪ್ಪತ್ತು ವರ್ಷ ಆಯಿತು. ಹೆಚ್ಚಿನ ಕಡೆ ಕಂಡದ್ದು ಇದನ್ನೇ.

ಮೊದಲ ಕೆಲಸಕ್ಕೆ ದುಡ್ಡು ಬೇಡ. ನಾಳೆ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಲ್ಯಾಬಿನಲ್ಲಿ ಕೇಬಲ್ ಹಾಕಿರುವ ಒಂದು ಕಂಪ್ಯೂಟರ್ ಮುಂದೆ ಕೂತು ಕಮಾಂಡ್ ಪ್ರಾಂಪ್ಟ್ ಎರಡು ಸಲ ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರಿನ ವಿಳಾಸಕ್ಕೆ ಪಿಂಗ್ ಕೊಡಿ, ಇನ್ನೊಂದರಲ್ಲಿ ಹೊರಗಿರುವ ಗೂಗಲ್ ಸರ್ವರಿನ ವಿಳಾಸವಾದ 8.8.8.8ಕ್ಕೆ ಕೊಡಿ. ಕೊನೆಯಲ್ಲಿ ಮೈನಸ್ ಟಿ ಸೇರಿಸಿದರೆ ನೀವೇ ನಿಲ್ಲಿಸುವ ತನಕ ಓಡುತ್ತಿರುತ್ತದೆ. ಒಂದು ಸಣ್ಣ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಕಳಿಸಿ ಅದು ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವುದಷ್ಟೇ ಪಿಂಗ್‌ನ ಕೆಲಸ. ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಒಂದು ಸಂಜೆ ಕೂತು ಬರೆದ ಪ್ರೋಗ್ರಾಂ ಅದು. ಇವತ್ತಿಗೂ ನಾನು ಎಲ್ಲಿಗೆ ಹೋದರೂ ಮೊದಲು ತೆರೆಯುವುದು ಅದನ್ನೇ.

ರೂಟರಿಗೆ ಹೋಗಿ ಬರಲು ಒಂದು ಮಿಲಿಸೆಕೆಂಡ್ ಸಾಕು. ಹೊರಗಿನದು ಬಿಡುವಿನ ಹೊತ್ತಿನಲ್ಲಿ ಹತ್ತಿಪ್ಪತ್ತು ಇರುತ್ತದೆ. ಹನ್ನೊಂದು ಹೊಡೆದ ಮೇಲೆ ಯಾವ ಕಿಟಕಿಯ ಅಂಕಿ ಜಿಗಿಯುತ್ತದೆ, ನೋಡುತ್ತಿರಿ. ರೂಟರಿನದೇ ಜಿಗಿದರೆ ತೊಂದರೆ ನಿಮ್ಮ ಕಟ್ಟಡದೊಳಗಿನ ಸ್ವಿಚ್ಚಿನಲ್ಲೋ (ಎಲ್ಲ ಕಂಪ್ಯೂಟರಿನ ಕೇಬಲ್ ಬಂದು ಸೇರುವ ಪೆಟ್ಟಿಗೆ) ಕೇಬಲ್ಲಿನಲ್ಲೋ ಇದೆ. ಎಷ್ಟು ದೊಡ್ಡ ಲೈನ್ ತಂದರೂ ಅದು ಹೋಗುವುದಿಲ್ಲ. ರೂಟರಿನದು ಒಂದರಲ್ಲೇ ನಿಂತು ಹೊರಗಿನದು 15ರಿಂದ 400ಕ್ಕೋ 600ಕ್ಕೋ ಏರಿದರೆ ಕ್ಯೂ ನಿಂತಿರುವುದು ರೂಟರಿನಿಂದ ಆಚೆಗೆ.

ಆ ಕ್ಯೂ ನಿಮ್ಮದೋ ಲೈನ್ ಕೊಟ್ಟವರದೋ? ಅದಕ್ಕೂ ಒಂದು ಪರೀಕ್ಷೆ ಇದೆ. ಪ್ರಾಂಶುಪಾಲರಿಗೆ ಹೇಳಿ ಐದು ನಿಮಿಷ ಕಾಲ ತೆಗೆದುಕೊಳ್ಳಿ. ಹನ್ನೊಂದೂವರೆಗೆ, ನಿಧಾನ ಇದ್ದಾಗಲೇ, ರೂಟರಿನಿಂದ ಎಲ್ಲ ಕೇಬಲ್ ತೆಗೆದು, ವೈಫೈಯನ್ನೂ ಆರಿಸಿ, ಒಂದೇ ಒಂದು ಲ್ಯಾಪ್‌ಟಾಪ್ ಹಚ್ಚಿ ಸ್ಪೀಡ್ ಟೆಸ್ಟ್ ಮಾಡಿ. ಆಗಲೂ 96, 20 ಬಂದರೆ ಲೈನ್ ಕೊಟ್ಟವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. 40ಕ್ಕೆ ಇಳಿದಿದ್ದರೆ ಆ ಸ್ಕ್ರೀನಿನ ಫೋಟೊ ತೆಗೆದಿಟ್ಟುಕೊಂಡು ದೂರು ಕೊಡಿ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮಾಡಿದ ಟೆಸ್ಟಿನಿಂದ ಬೆಳಗಿನ ಹನ್ನೊಂದರ ಬಗ್ಗೆ ಏನೂ ತಿಳಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ಬೈಕ್ ಓಡಿಸಿ ಟ್ರಾಫಿಕ್ ಅಳೆದ ಹಾಗಾಗುತ್ತದೆ.

ಲೈನ್ ಸರಿಯಿದ್ದೂ ಪೇಜ್ ತೆರೆಯದಿರುವುದು ಹೇಗೆ? ಮಂಡ್ಯದವರಿಗೆ ಇದನ್ನು ಕಬ್ಬಿನ ಲೆಕ್ಕದಲ್ಲಿ ಹೇಳುತ್ತೇನೆ. ಸಕ್ಕರೆ ಕಾರ್ಖಾನೆ ದಿನಕ್ಕೆ ಇಷ್ಟು ಟನ್ ಅರೆಯುತ್ತದೆ ಎಂದು ಗೊತ್ತಿರುತ್ತದೆ. ಅದಕ್ಕೆ ತಕ್ಕಂತೆ ಕಟಾವಿಗೆ ಪರ್ಮಿಟ್ ಕೊಟ್ಟರೆ ಬಂದ ಟ್ರ್ಯಾಕ್ಟರ್ ಬಂದ ಹಾಗೇ ತೂಕಕ್ಕೆ ಹೋಗುತ್ತದೆ. ಎಲ್ಲರೂ ಒಟ್ಟಿಗೆ ಕಡಿದು ತಂದರೆ? ಗಾಣದ ವೇಗ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ, ಅರೆಯುವ ಟನ್ ಅಷ್ಟೇ ಇರುತ್ತದೆ. ಆದರೆ ನಿಮ್ಮ ಗಾಡಿಯ ಸರದಿ ನಾಳಿದ್ದಿಗೆ. ಅಷ್ಟರಲ್ಲಿ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿದಿರುತ್ತದೆ. ಇನ್ನಷ್ಟು ಗಾಡಿ ನಿಲ್ಲಲಿ ಎಂದು ಕಾರ್ಖಾನೆಯ ಅಂಗಳ ದೊಡ್ಡದು ಮಾಡಿದರೆ ಕಾಯುವವರ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದು ಟನ್ನೂ ಹೆಚ್ಚಿಗೆ ಅರೆಯುವುದಿಲ್ಲ.

ಹೊರಗಿನ ಲೈನ್ ಬಂದು ಸೇರುವ ನಿಮ್ಮ ಮೋಡೆಮ್ಮಿನೊಳಗೆ ಅಂಥದೊಂದು ಅಂಗಳ ಇದೆ. ಅದನ್ನು ಬಫರ್ ಎನ್ನುತ್ತಾರೆ. ಅದರಲ್ಲಿ ಒಂದು ಮೆಗಾಬೈಟ್ ಜಾಗ ಇದೆ ಎಂದಿಟ್ಟುಕೊಳ್ಳಿ. ಒಂದು ಮೆಗಾಬೈಟ್ ಎಂದರೆ 80 ಲಕ್ಷ ಬಿಟ್. ನಿಮ್ಮ ಅಪ್‌ಲೋಡ್ ಸೆಕೆಂಡಿಗೆ 20 ಮೆಗಾಬಿಟ್, ಅಂದರೆ 2 ಕೋಟಿ ಬಿಟ್. ಬಫರ್ ತುಂಬಿದಾಗ ಹೊಸದಾಗಿ ಬಂದ ಪ್ಯಾಕೆಟ್ ಹೊರಬೀಳಲು 0.4 ಸೆಕೆಂಡ್, ಅಂದರೆ 400 ಮಿಲಿಸೆಕೆಂಡ್ ಕಾಯಬೇಕು. ಫೋನಿನಲ್ಲಿ ಮಾತಾಡುವಾಗ ಒಂದು ಕಡೆಯ ತಡ 150 ಮಿಲಿಸೆಕೆಂಡ್ ದಾಟದಿದ್ದರೆ ಒಳ್ಳೆಯದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಇನ್ನು ವೆಬ್ ಪೇಜ್ ಒಂದು ತೆರೆಯಬೇಕಾದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಲು ಒಮ್ಮೆ, ಸರ್ವರಿನ ಜೊತೆ ಕೈಕುಲುಕಲು ಒಮ್ಮೆ, ಗುಟ್ಟು ಕಾಯುವ ಬೀಗದ ಕೈ ಬದಲಿಸಿಕೊಳ್ಳಲು ಒಮ್ಮೆ, ಹೀಗೆ ಹತ್ತಾರು ಸಲ ಹೋಗಿ ಬರಬೇಕು. ಪ್ರತಿ ಸಲವೂ ಅರ್ಧ ಸೆಕೆಂಡ್ ಸೇರಿದರೆ ಓಟಿಪಿ ಸಮಯ ಮೀರುವುದರಲ್ಲಿ ಆಶ್ಚರ್ಯವಿಲ್ಲ.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಯಾಕೆ ನಿಲ್ಲಬೇಕು ಎಂದು ಬಹಳ ಜನ ಕೇಳುತ್ತಾರೆ. ನೀವು ಇಳಿಸಿಕೊಳ್ಳುವ ಡೇಟಾಗೆಲ್ಲ ‘ಬಂತು, ಬಂತು’ ಎಂಬ ರಸೀದಿ ಆ ಕಡೆಗೆ ಹೋಗುತ್ತಿರಬೇಕು. ಹೆಚ್ಚುಕಡಿಮೆ ಎರಡು ಪ್ಯಾಕೆಟ್‌ಗೆ ಒಂದು ರಸೀದಿ. ಆ ರಸೀದಿಯೂ ಅದೇ ಅಪ್‌ಲೋಡ್ ಕ್ಯೂನಲ್ಲಿ ನಿಲ್ಲುತ್ತದೆ. ರಸೀದಿ ತಡವಾದರೆ ಕಳಿಸುವವನು ಕೈ ಬಿಗಿಹಿಡಿಯುತ್ತಾನೆ. ಹೀಗಾಗಿ 20ರ ದಾರಿ ಕಟ್ಟಿಕೊಂಡರೆ 96ರ ದಾರಿಯೂ ಬರಿದಾಗುತ್ತದೆ.

ಇದು ಹೊಸ ರೋಗವಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಲೈನ್ ಸೆಕೆಂಡಿಗೆ 32 ಸಾವಿರ ಬಿಟ್ ಇದ್ದದ್ದು 40 ಬಿಟ್‌ಗೆ ಕುಸಿಯಿತು. ಸಾವಿರ ಅಲ್ಲ, ಬರೀ 40. ಎರಡೂ ಜಾಗಗಳ ನಡುವೆ ಇದ್ದದ್ದು 400 ಗಜ, ಕೂಗಳತೆಯ ದೂರ. ಕಂಪ್ಯೂಟರುಗಳು ಉತ್ತರ ಬರಲಿಲ್ಲ ಎಂದು ಅದನ್ನೇ ಮತ್ತೆ ಮತ್ತೆ ಕಳಿಸಿ ದಾರಿ ಮುಚ್ಚಿಹಾಕಿದ್ದವು. ವ್ಯಾನ್ ಜೇಕಬ್ಸನ್ ಅದನ್ನು ಬಿಡಿಸಿ ನೋಡಿ 1988ರಲ್ಲಿ ಪ್ರಕಟಿಸಿದ ಉಪಾಯ ಇವತ್ತು ನಿಮ್ಮ ಲ್ಯಾಬಿನ ಪ್ರತಿ ಕಂಪ್ಯೂಟರಿನಲ್ಲೂ ಒಂದಲ್ಲ ಒಂದು ರೂಪದಲ್ಲಿದೆ: ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದು ಕಳಿಸುವ ವೇಗ ತಗ್ಗಿಸು. ಆಮೇಲೆ ಮೆಮೊರಿ ಅಗ್ಗವಾಯಿತು. ಪ್ಯಾಕೆಟ್ ಕಳೆಯಲೇ ಬಾರದು ಎಂದು ಮೋಡೆಮ್ ಮಾಡುವವರು ಬಫರನ್ನು ದೊಡ್ಡದು ಮಾಡುತ್ತ ಹೋದರು. ಪ್ಯಾಕೆಟ್ ಬೀಳದೇ ಹೋದರೆ ಕಳಿಸುವವನಿಗೆ ಸೂಚನೆ ತಲುಪುವುದು ಹೇಗೆ? ಅವನು ಕಡಿಯುತ್ತಲೇ ಇರುತ್ತಾನೆ, ಅಂಗಳ ತುಂಬುತ್ತಲೇ ಇರುತ್ತದೆ. ಜಿಮ್ ಗೆಟಿಸ್ ಎಂಬ ಎಂಜಿನಿಯರ್ 2010ರಲ್ಲಿ ತಮ್ಮ ಮನೆಯ ಲೈನಿನಲ್ಲೇ ಇದನ್ನು ಕಂಡು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಬಫರಿಗೆ ಹೊಟ್ಟೆಯುಬ್ಬರ ಬಂದಿದೆ ಎನ್ನಿ.

ಕೆಲವು ವರ್ಷದ ಹಿಂದೆ ಮೈಸೂರಿನ ಒಂದು ಕೋಚಿಂಗ್ ಸೆಂಟರಿಗೆ ಹೋಗಿದ್ದೆ. ಎರಡು ಕಂಪನಿಯ ಲೈನ್ ಬದಲಿಸಿ ಮೂರನೆಯದಕ್ಕೆ ಅರ್ಜಿ ಹಾಕಿದ್ದರು. ಮಧ್ಯಾಹ್ನ ಆನ್‌ಲೈನ್ ಕ್ಲಾಸ್ ಶುರುವಾದರೆ ಮೇಷ್ಟ್ರ ಧ್ವನಿ ತುಂಡು ತುಂಡು. ಎರಡು ಪಿಂಗ್ ಹಚ್ಚಿ ಕೂತೆ. ಹೊರಗಿನದು 9, 9, 10 ಎಂದು ಹೋಗುತ್ತಿದ್ದದ್ದು ಎರಡು ಗಂಟೆ ದಾಟಿದ ಮೇಲೆ 640ಕ್ಕೆ ಏರಿತು. ರೂಟರಿನಲ್ಲಿ ನೋಡಿದರೆ ಒಂದೇ ಒಂದು ಫೋನ್ ಇಡೀ ಅಪ್‌ಲೋಡ್ ಹಿಡಿದಿತ್ತು. ಲೆಕ್ಕಪತ್ರ ನೋಡುವ ಅಮ್ಮ ಊಟ ಮುಗಿಸಿ ಬಂದು ಫೋನ್ ಚಾರ್ಜಿಗೆ ಹಾಕುತ್ತಿದ್ದರು. ವೈಫೈ ಸಿಕ್ಕಿ ಚಾರ್ಜೂ ಸಿಕ್ಕ ಕೂಡಲೇ ಅದು ಮಗಳ ಮದುವೆಯ ಫೋಟೊ, ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಏರಿಸಲು ಶುರುಮಾಡುತ್ತಿತ್ತು. ಅಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು, ಅವರ ಮುಖ ಸಣ್ಣಗಾಯಿತು. ನನಗೆ ತುಂಬ ಬೇಜಾರಾಯಿತು. ಅವರು ಮಾಡಿದ ತಪ್ಪೇನು? ಒಂದು ಫೋನ್ ಮೂವತ್ತು ಜನರ ದಾರಿ ಹಿಡಿಯಲು ಬಿಟ್ಟದ್ದು ರೂಟರ್, ಅದನ್ನು ಹಾಗೆ ಬಿಟ್ಟು ಹೋದವರು ನಮ್ಮಂಥವರು. ಅರ್ಧ ಗಂಟೆಯಲ್ಲಿ ಕ್ಯೂ ಸರಿಮಾಡಿ, ಅವರ ಫೋನ್ ಹಾಗೇ ಏರಿಸುತ್ತಿರಲಿ ಎಂದು ಬಿಟ್ಟು, ಅದೇ ಹೊತ್ತಿನಲ್ಲಿ ಕ್ಲಾಸ್ ನಡೆಸಿ ತೋರಿಸಿದೆ. ಪಿಂಗ್ 20 ದಾಟಲಿಲ್ಲ. ನೀವು ‘ಯಾರು ಎಳೆಯುತ್ತಿದ್ದಾರೆ’ ಎಂದು ಕೇಳಿದಾಗ ಆ ಅಮ್ಮನ ಮುಖ ನೆನಪಾಯಿತು, ಅದಕ್ಕೇ ಇಷ್ಟು ಬರೆದೆ.

ಹಾಗಂತ ನೋಡಬೇಡಿ ಎನ್ನುತ್ತಿಲ್ಲ. ನೋಡಲೇಬೇಕು. ಕೆಆರ್‌ಎಸ್ ಒಳಹರಿವು, ಹೊರಹರಿವು ದಿನಾ ಪತ್ರಿಕೆಯಲ್ಲಿ ಬರುವ ಹಾಗೆ ನಿಮ್ಮ ರೂಟರಿನ ಮತ್ತು ಸ್ವಿಚ್ಚಿನ ಪ್ರತಿ ಪೋರ್ಟಿಗೂ (ಕೇಬಲ್ ಸಿಕ್ಕಿಸುವ ತೂತು) ಒಳಗೆ ಬಂದ ಬೈಟ್ ಎಷ್ಟು, ಹೊರಗೆ ಹೋದದ್ದು ಎಷ್ಟು ಎಂದು ಎಣಿಸುವ ಮೀಟರ್ ಇರುತ್ತದೆ. ಅದನ್ನು ದೂರದಿಂದ ಓದುವ ಭಾಷೆ ಎಸ್‌ಎನ್‌ಎಂಪಿ, 1988ರಿಂದ ಇದೆ. ಮ್ಯಾನೇಜ್ಡ್ ಸ್ವಿಚ್, ಅಂದರೆ ಒಳಹೊಕ್ಕು ನೋಡಿ ಹೊಂದಿಸಬಹುದಾದ ಸ್ವಿಚ್, ಆಗಿದ್ದರೆ ಮಾತ್ರ ಸಿಗುತ್ತದೆ, ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಸಾದಾ ಸ್ವಿಚ್ಚಿನಲ್ಲಿ ಇರುವುದಿಲ್ಲ. ಲ್ಯಾಬಿನ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಲಿಬ್ರೆಎನ್‌ಎಂಎಸ್ ಅಥವಾ ಝಬಿಕ್ಸ್ ಕೂರಿಸಿ, ಎರಡೂ ಉಚಿತ. ಐದು ನಿಮಿಷಕ್ಕೊಮ್ಮೆ ಮೀಟರ್ ಓದಿ ಗ್ರಾಫ್ ಬರೆಯುತ್ತವೆ. ಬಿಎಸ್ಸಿ, ಬಿಸಿಎ ಮಕ್ಕಳಿಗೆ ಇದನ್ನೇ ಪ್ರಾಜೆಕ್ಟ್ ಕೊಡಿ. ಓದಿದ್ದು ಕಣ್ಣೆದುರು ಓಡುವುದನ್ನು ನೋಡಿದರೆ ಅವರಿಗೂ ಹುರುಪು ಬರುತ್ತದೆ.

ಗ್ರಾಫ್ ಓದುವಾಗ ಎರಡು ಕಡೆ ಎಚ್ಚರ ಬೇಕು, ನಾನೂ ಮೋಸಹೋಗಿದ್ದೇನೆ. ಐದು ನಿಮಿಷದ ಗ್ರಾಫ್ ತೋರಿಸುವುದು ಸರಾಸರಿ. ನಿಮ್ಮ 100ರ ಲೈನ್ ಮೂವತ್ತು ಸೆಕೆಂಡ್ ಪೂರ್ತಿ ತುಂಬಿ, ಉಳಿದ ನಾಲ್ಕೂವರೆ ನಿಮಿಷ ಖಾಲಿ ಇದ್ದರೆ ಗ್ರಾಫಿನಲ್ಲಿ ಬರುವುದು ಬರೀ 10. ಲೈನ್ ಹತ್ತು ಪರ್ಸೆಂಟ್ ಮಾತ್ರ ಬಳಕೆಯಲ್ಲಿದೆ ಎಂದು ನೀವು ವಾದ ಮಾಡುತ್ತೀರಿ, ಆ ಮೂವತ್ತು ಸೆಕೆಂಡಿನಲ್ಲಿ ಅರ್ಜಿ ಕಳೆದುಕೊಂಡ ಹುಡುಗಿ ನಿಮ್ಮೆದುರು ನಿಂತಿರುತ್ತಾಳೆ. ಆದ್ದರಿಂದ ಬಳಕೆಯ ಗ್ರಾಫಿನ ಪಕ್ಕದಲ್ಲೇ ಪಿಂಗ್ ತಡದ ಗ್ರಾಫನ್ನೂ ಇಡಿ. ನಾನಂತೂ ತಡದ ಗ್ರಾಫನ್ನೇ ಮೊದಲು ನೋಡುತ್ತೇನೆ.

ಎರಡನೆಯದು ಮೀಟರಿನ ಗಾತ್ರ. ಹಳೆಯ ಮೀಟರ್ 32 ಬಿಟ್ಟಿನದು. 4,29,49,67,296 ಬೈಟ್ ಆದ ಕೂಡಲೇ ಸೊನ್ನೆಗೆ ಮರಳುತ್ತದೆ, ಸ್ಕೂಟರಿನ ಮೀಟರ್ ಸುತ್ತು ಮುಗಿಸಿದ ಹಾಗೆ. 100 ಎಂಬಿಪಿಎಸ್ ಪೂರ್ತಿ ಓಡಿದರೆ ಆರು ನಿಮಿಷದೊಳಗೆ ಒಂದು ಸುತ್ತು. ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟಿನಲ್ಲಿ 34 ಸೆಕೆಂಡಿಗೇ ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ಓದುವವರಿಗೆ ನಡುವೆ ಎಷ್ಟು ಸುತ್ತು ಹೋಯಿತು ಎಂಬುದೇ ತಿಳಿಯದೆ ತುಂಬಿದ ಪೋರ್ಟ್ ಖಾಲಿಯಾಗಿ ಕಾಣುತ್ತದೆ. 64 ಬಿಟ್ಟಿನ ಮೀಟರನ್ನೇ ಓದುವಂತೆ ಹೊಂದಿಸಿ. ಅದಕ್ಕೆ ಎಸ್‌ಎನ್‌ಎಂಪಿಯ ಮೊದಲ ಆವೃತ್ತಿ ಆಗುವುದಿಲ್ಲ, ಎರಡು ಅಥವಾ ಮೂರು ಬೇಕು. ಹಾಗೆಯೇ ಸ್ವಿಚ್ ಬರುವಾಗ ಅದರ ಪಾಸ್‌ವರ್ಡ್ ಜಾಗದಲ್ಲಿ ‘ಪಬ್ಲಿಕ್’ ಎಂಬ ಪದ ಇರುವುದು ರೂಢಿ. ಬದಲಿಸದೆ ಬಿಟ್ಟರೆ ಲ್ಯಾಬಿನ ಯಾವ ಹುಡುಗನಾದರೂ ಓದಬಹುದು.

ಪೋರ್ಟಿನ ಮೀಟರ್ ಒಟ್ಟು ಎಷ್ಟು ಎಂದಷ್ಟೇ ಹೇಳುತ್ತದೆ. ಯಾವ ಯಂತ್ರದಿಂದ, ಎಲ್ಲಿಗೆ, ಎಷ್ಟು ಎಂದು ತಿಳಿಯಬೇಕಾದರೆ ಫ್ಲೋ ಲೆಕ್ಕ ಬೇಕು. ಸಿಸ್ಕೋ 1996ರ ಸುಮಾರಿಗೆ ನೆಟ್‌ಫ್ಲೋ ಎಂದು ಶುರುಮಾಡಿದ್ದು, ಈಗ ಬೇರೆ ಕಂಪನಿಗಳ ರೂಟರಿನಲ್ಲೂ ಇದೆ. ಟೆಲಿಫೋನ್ ಬಿಲ್ಲಿನ ಹಾಗೆ ಅದು: ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತು. ಏನು ಮಾತಾಡಿದರು ಎಂಬುದು ಅದರಲ್ಲಿರುವುದಿಲ್ಲ. ಮೈಕ್ರೋಟಿಕ್ ಕಂಪನಿಯ ರೂಟರಿನಲ್ಲಿ ಟಾರ್ಚ್ ಎಂಬ ಸಾಧನ ತೆರೆದರೆ ಆ ಕ್ಷಣದಲ್ಲಿ ಯಾರು ಮೇಲಿದ್ದಾರೆ ಎಂದು ಕಾಣುತ್ತದೆ. ಬೇರೆ ರೂಟರಾದರೆ ಎಂಟಾಪ್‌ಎನ್‌ಜಿ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ.

ಅಲ್ಲಿ ನಿಮಗೆ ಏನು ಕಾಣಬಹುದು ಎಂದು ಊಹಿಸಿ ಹೇಳುತ್ತೇನೆ. ಯೂಟ್ಯೂಬ್ ಅಲ್ಲ, ಮೈಕ್ರೋಸಾಫ್ಟ್. ಹನ್ನೊಂದಕ್ಕೆ ಲ್ಯಾಬ್ ತೆರೆದು 60 ಯಂತ್ರ ಒಟ್ಟಿಗೆ ಆನ್ ಮಾಡುತ್ತೀರಿ. ಎಲ್ಲವೂ ಎದ್ದ ಕೂಡಲೇ ವಿಂಡೋಸ್ ಅಪ್‌ಡೇಟ್ ಹುಡುಕುತ್ತವೆ. ಒಂದಕ್ಕೆ ಒಂದು ಜಿಬಿ ಎಂದರೂ 60 ಜಿಬಿ. ನಿಮ್ಮ ಲೈನನ್ನು ಬೇರೆ ಯಾರೂ ಮುಟ್ಟದಿದ್ದರೂ ಅದು ಮುಗಿಯಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುಗಡೆ ಮಾಡುತ್ತದೆ, ನಮ್ಮಲ್ಲಿ ಆಗ ರಾತ್ರಿ. ಆದ್ದರಿಂದ ಮರುದಿನ ಬುಧವಾರ ಲ್ಯಾಬಿಗೆ ಪೆಟ್ಟು. ನಿಮ್ಮ ಹಾಜರಿ ಪುಸ್ತಕ ತಿರುವಿ ನೋಡಿ, ತೀರಾ ಕೆಟ್ಟ ದಿನಗಳು ಆ ಬುಧವಾರದ ಆಸುಪಾಸಿನಲ್ಲಿ ಇದ್ದವೇ ಎಂದು.

ಆದರೆ ನೀವು ದಿನಾ ಎಂದಿದ್ದೀರಿ. ಅದಕ್ಕೆ ನನ್ನ ಅನುಮಾನ ಇನ್ನೊಂದು. ಮಕ್ಕಳು ಏನೇ ಕೆಡಿಸಿದರೂ ರೀಸ್ಟಾರ್ಟ್ ಮಾಡಿದ ಕೂಡಲೇ ಹಳೆಯ ಸ್ಥಿತಿಗೆ ಮರಳಿಸುವ ಸಾಫ್ಟ್‌ವೇರ್ ಬಹಳಷ್ಟು ಕಾಲೇಜು ಲ್ಯಾಬುಗಳಲ್ಲಿ ಇರುತ್ತದೆ. ಅದು ಕೆಟ್ಟದ್ದನ್ನು ಅಳಿಸುವ ಹಾಗೆ ಇಳಿಸಿಕೊಂಡ ಅಪ್‌ಡೇಟನ್ನೂ ಅಳಿಸುತ್ತದೆ. ಮಾರನೆಯ ದಿನ ಯಂತ್ರ ಎದ್ದು ನೋಡುತ್ತದೆ, ಅಪ್‌ಡೇಟ್ ಇಲ್ಲ, ಮತ್ತೆ ಇಳಿಸುತ್ತದೆ. ಒಂದೇ ಫೈಲನ್ನು 60 ಯಂತ್ರ ತಿಂಗಳು ಪೂರ್ತಿ ದಿನಾ ಇಳಿಸುತ್ತಿರುತ್ತವೆ! ನಿಮ್ಮಲ್ಲಿ ಅದು ಇದೆಯೇ ನೋಡಿ. ಇದ್ದರೆ ತಿಂಗಳಿಗೊಮ್ಮೆ, ಆ ಬುಧವಾರ ಸಂಜೆ, ಆ ಸಾಫ್ಟ್‌ವೇರಿನ ಬೀಗ ತೆಗೆದು ಹತ್ತು ಹತ್ತು ಯಂತ್ರದಂತೆ ಅಪ್‌ಡೇಟ್ ಮಾಡಿ ಮತ್ತೆ ಬೀಗ ಹಾಕಿ. ಇಂಥ ಸಾಫ್ಟ್‌ವೇರಿನಲ್ಲಿ ಅದಕ್ಕೆಂದೇ ಸಮಯ ನಿಗದಿ ಮಾಡುವ ಸೌಲಭ್ಯವೂ ಇರುತ್ತದೆ. ಜೊತೆಗೆ ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗಿನೊಳಗೆ ಡೆಲಿವರಿ ಆಪ್ಟಿಮೈಸೇಶನ್ ಎಂದಿರುವುದನ್ನು ಲೋಕಲ್ ನೆಟ್‌ವರ್ಕಿಗೆ ಮಾತ್ರ ಎಂದು ಆನ್ ಮಾಡಿ. ಆಗ ಒಂದು ಯಂತ್ರ ಹೊರಗಿನಿಂದ ತಂದದ್ದನ್ನು ಪಕ್ಕದವು ಒಳಗೊಳಗೇ ಹಂಚಿಕೊಳ್ಳುತ್ತವೆ.

ಕ್ಯಾಮೆರಾ ವಿಚಾರ ಚಿಕ್ಕದು. 1080ಪಿ ಕ್ಯಾಮೆರಾ ಒಂದಕ್ಕೆ ಸುಮಾರು 4 ಎಂಬಿಪಿಎಸ್ ಹಿಡಿಯಿರಿ, 16ಕ್ಕೆ 64. ಅದು ರೆಕಾರ್ಡರಿಗೆ ಕಟ್ಟಡದೊಳಗೇ ಹೋಗುವುದರಿಂದ ಲೈನಿಗೆ ಭಾರವಿಲ್ಲ. ಆಡಳಿತ ಮಂಡಳಿಯ ಯಾರಾದರೂ ಮನೆಯಿಂದ ಮೊಬೈಲಿನಲ್ಲಿ ನಾಲ್ಕು ಕ್ಯಾಮೆರಾ ತೆರೆದಿಟ್ಟರೆ ಮಾತ್ರ ನಿಮ್ಮ 20ರ ಅಪ್‌ಲೋಡಿನಲ್ಲಿ 16 ಹೋಯಿತು. ಹೊರಗಿನಿಂದ ನೋಡುವವರಿಗೆ ಸಬ್‌ಸ್ಟ್ರೀಮ್, ಅಂದರೆ ಅದೇ ದೃಶ್ಯದ ಹಗುರ ಪ್ರತಿ, ಕೊಡುವಂತೆ ರೆಕಾರ್ಡರಿನಲ್ಲಿ ಬದಲಿಸಿ.

ಈಗ ಮದ್ದು. ಲೈನಿನ ಕ್ಯೂ ಮೋಡೆಮ್ಮಿನ ದೊಡ್ಡ ಅಂಗಳದಲ್ಲಿ ನಿಲ್ಲುವುದನ್ನು ತಪ್ಪಿಸಿ ನಿಮ್ಮ ರೂಟರಿನಲ್ಲಿ, ನಿಮ್ಮ ಕೈಯಳತೆಯಲ್ಲಿ ನಿಲ್ಲುವಂತೆ ಮಾಡಬೇಕು. ರೂಟರಿನಲ್ಲಿ ಮಿತಿಯನ್ನು ಲೈನಿಗಿಂತ ಸ್ವಲ್ಪ ಕೆಳಗೆ ಇಡಿ: ಅಪ್‌ಲೋಡ್ 18, ಡೌನ್‌ಲೋಡ್ 88. ಆಮೇಲೆ ಆ ಕ್ಯೂಗೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಎಂಬ ವಿಧಾನ ಆರಿಸಿ. ಕೋಡೆಲ್ ಎಂಬುದನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ 2012ರಲ್ಲಿ ಮುಂದಿಟ್ಟರು. ಕ್ಯೂ ಎಷ್ಟು ಉದ್ದ ಎಂದು ಅದು ನೋಡುವುದಿಲ್ಲ. ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವುದು 5 ಮಿಲಿಸೆಕೆಂಡ್ ಮೀರಿ, ಹಾಗೇ 100 ಮಿಲಿಸೆಕೆಂಡ್ ಮುಂದುವರಿದರೆ ಒಂದು ಪ್ಯಾಕೆಟನ್ನು ಬೀಳಿಸುತ್ತದೆ. ಗದ್ದೆಗೆ ‘ಸದ್ಯ ಕಡಿಯಬೇಡಿ’ ಎಂದು ಆಳು ಕಳಿಸಿದ ಹಾಗೆ. ನಿಮ್ಮ ರೂಟರ್ ಮೈಕ್ರೋಟಿಕ್ ಆದರೆ ಅದರ 7ನೇ ಆವೃತ್ತಿಯಿಂದ ಎರಡೂ ಇವೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ ರೂಟರಾದರೆ ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಮೈಕ್ರೋಟಿಕ್‌ನಲ್ಲಿ ಒಂದು ತೊಡಕಿದೆ: ಫಾಸ್ಟ್‌ಟ್ರ್ಯಾಕ್ ಎಂಬ ನಿಯಮ ಆನ್ ಇದ್ದರೆ ಟ್ರಾಫಿಕ್ ಕ್ಯೂ ಮುಟ್ಟದೆ ಪಕ್ಕದಲ್ಲಿ ಹಾಯ್ದುಹೋಗುತ್ತದೆ. ಎಲ್ಲ ಸರಿಯಾಗಿ ಹಾಕಿಯೂ ಏನೂ ಬದಲಾಗಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಎಡವಿರುವುದು ಇಲ್ಲೇ. ಅದನ್ನು ಆಫ್ ಮಾಡಿ.

ಹತ್ತು ಪರ್ಸೆಂಟ್ ಲೈನ್ ಕಳೆದುಕೊಂಡೆವಲ್ಲ ಎಂದು ಪ್ರಾಂಶುಪಾಲರು ಕೇಳಿದರೆ ಪಿಂಗ್ ಕಿಟಕಿ ತೋರಿಸಿ. 400 ಇದ್ದದ್ದು 20ರ ಒಳಗೆ ಬಂದಿರುತ್ತದೆ.

ತಲೆಗಿಷ್ಟು ಎಂದು ಮಿತಿ ಹಾಕುವುದು ಬೇಡ. 60 ಜನಕ್ಕೆ ಹಂಚಿದರೆ ತಲೆಗೆ ಒಂದೂವರೆ ಎಂಬಿಪಿಎಸ್. ಲ್ಯಾಬಿನಲ್ಲಿ ಮೂರೇ ಜನ ಇದ್ದಾಗಲೂ ಅಷ್ಟೇ ಸಿಗುತ್ತದೆ, ಉಳಿದದ್ದು ವ್ಯರ್ಥ. ಕೇಕ್‌ನಲ್ಲಿ ಯಂತ್ರವಾರು ಸಮಪಾಲು ಎಂದು ಹೇಳಬಹುದು: ಒಬ್ಬರೇ ಇದ್ದರೆ ಪೂರ್ತಿ ಅವರದು, 60 ಜನ ಬಂದರೆ ತಾನಾಗಿ 60 ಪಾಲು. ವಿ.ಸಿ. ನಾಲೆಯ ತುದಿ ಭಾಗದ ಮಳವಳ್ಳಿ, ಮದ್ದೂರಿನ ರೈತರು ಎಷ್ಟು ವರ್ಷದಿಂದ ಕೇಳುತ್ತಿರುವುದೂ ಇದನ್ನೇ ಅಲ್ಲವೇ? ಮೇಲಿನವರು ಹರಿಸಿಕೊಂಡು ಉಳಿದರೆ ಕೊಡುವುದಲ್ಲ, ನಮ್ಮ ಪಾಲು ನಮಗೆ ತಲುಪಲಿ ಎಂದು. ಹೀಗೆ ಮಾಡಿದ ಮೇಲೆ ಯೂಟ್ಯೂಬ್ ಮುಚ್ಚುವ ಅಗತ್ಯವೇ ಬೀಳುವುದಿಲ್ಲ, ಅರ್ಜಿ ತುಂಬುವವರ ಪಾಲನ್ನು ವಿಡಿಯೊ ನೋಡುವವರು ತಿನ್ನಲಾರರು. ಐಐಟಿ, ಐಐಎಸ್‌ಸಿ ಅಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಇರುವುದೂ ಯೂಟ್ಯೂಬಿನಲ್ಲೇ. ಮನೆಯಲ್ಲಿ ನೆಟ್ ಇಲ್ಲದ, ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಗುವಿಗೆ ಆ ಪಾಠ ಸಿಗುವ ಒಂದೇ ಜಾಗ ನಿಮ್ಮ ಲ್ಯಾಬ್ ಇರಬಹುದು. ಅದನ್ನು ಮುಚ್ಚಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಕಸ್ಮಾತ್ ಜಿಗಿದದ್ದು ರೂಟರಿನ ಪಿಂಗೇ ಆದರೆ, ಸ್ವಿಚ್ ಹತ್ತಿರ ಹೋಗಿ ದೀಪ ನೋಡಿ. ಸಾಮಾನ್ಯವಾಗಿ ಪೋರ್ಟಿನ ದೀಪಗಳು ಒಂದೊಂದೂ ತನ್ನ ಪಾಡಿಗೆ ಮಿನುಗುತ್ತಿರುತ್ತವೆ. ಎಲ್ಲವೂ ಒಂದೇ ತಾಳಕ್ಕೆ, ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದರೆ ಅದು ಲೂಪ್. ಒಂದು ಹಾಸ್ಟೆಲಿನಲ್ಲಿ ಎರಡು ದಿನ ನೆಟ್ ಇರಲಿಲ್ಲ. ಕಸ ಗುಡಿಸುವವರು ನೆಲದಲ್ಲಿ ಬಿದ್ದಿದ್ದ ಕೇಬಲ್ ತುದಿ ಕಂಡು, ಕಳಚಿಕೊಂಡಿದೆ ಎಂದು ತಿಳಿದು, ಒಳ್ಳೆಯ ಮನಸ್ಸಿನಿಂದ ಅದೇ ಸ್ವಿಚ್ಚಿನ ಖಾಲಿ ತೂತಿಗೆ ಹಾಕಿದ್ದರು. ಇನ್ನೊಂದು ತುದಿ ಆಗಲೇ ಅದರಲ್ಲೇ ಇತ್ತು. ಕೇಬಲ್ಲಿನಲ್ಲಿ ಓಡುವ ಡೇಟಾ ತುಣುಕಿಗೆ (ಈಥರ್ನೆಟ್ ಫ್ರೇಮ್) ಆಯಸ್ಸು ಎಂಬುದಿಲ್ಲ, ಸುತ್ತಲು ಶುರುಮಾಡಿದರೆ ಯಾರಾದರೂ ಕೀಳುವ ತನಕ ಸುತ್ತುತ್ತಲೇ ಇರುತ್ತದೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ಇದಕ್ಕೆಂದೇ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನ ಕಂಡುಹಿಡಿದರು. ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಇರುತ್ತದೆ, ಆನ್ ಮಾಡಿಕೊಳ್ಳಿ. ಕೇಬಲ್ಲನ್ನೂ ನೋಡಿ: ಗಿಗಾಬಿಟ್ ಓಡಲು ಒಳಗಿನ ನಾಲ್ಕು ಜೋಡಿ ತಂತಿಯೂ ಬೇಕು. ಇಲಿ ಒಂದು ಜೋಡಿ ಕಡಿದರೆ ಲಿಂಕ್ ಎಷ್ಟೋ ಸಲ ತೆಪ್ಪಗೆ 100ಕ್ಕೆ ಇಳಿದುಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ.

ನೋಡುವುದು ಸರಿಯೇ ಎಂದು ನೀವಾಗಿಯೇ ಕೇಳಿದ್ದು ನನಗೆ ತುಂಬ ಹಿಡಿಸಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿಮಗೆ ಬೇಕಾದದ್ದು ಯಾವ ಯಂತ್ರ ಎಷ್ಟು ಬಳಸಿತು ಎಂಬ ಅಂಕಿ. ಅದನ್ನು ಸೀಟ್ ನಂಬರಿನ ಮೇಲೆ ಇಡಿ, ಮಗುವಿನ ಹೆಸರಿನ ಮೇಲೆ ಬೇಡ. ಹೀಗೆ ಅಳೆಯುತ್ತೇವೆ ಎಂದು ಲ್ಯಾಬಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದು ಹಾಕಿ. ಕೆಲವು ಫೈರ್‌ವಾಲ್ ಮಾರುವವರು ಎಲ್ಲ ಕಂಪ್ಯೂಟರಿಗೂ ಒಂದು ಡಿಜಿಟಲ್ ಸರ್ಟಿಫಿಕೇಟ್ ಹಾಕಿಸಿದರೆ ಬೀಗ ಹಾಕಿದ ಟ್ರಾಫಿಕ್ಕನ್ನೂ ಒಳಗೆ ನೋಡಬಹುದು ಎಂದು ಹೇಳುತ್ತಾರೆ. ಒಪ್ಪಬೇಡಿ. ನಿಮ್ಮ ಮಕ್ಕಳು ಅಲ್ಲಿ ತುಂಬುತ್ತಿರುವುದು ಆಧಾರ್ ನಂಬರ್, ಅಪ್ಪನ ಆದಾಯ, ಬ್ಯಾಂಕ್ ಖಾತೆ. ಅದು ನಿಮ್ಮ ರೂಟರಿನಲ್ಲಿ ಬಿಚ್ಚಿಕೊಳ್ಳುವ ಹಾಗೆ ಆಗಬಾರದು. ಲಾಗ್ ಇಡುವ ವಿಚಾರಕ್ಕೆ, ಸೇವೆ ಕೊಡುವವರು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು 180 ದಿನದ ಲಾಗ್ ಕಾಯ್ದಿಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ನಿರ್ದೇಶನ ಹೊರಡಿಸಿದೆ. ನೀವೂ ಅದೇ ಅವಧಿ ಇಟ್ಟುಕೊಂಡು, ಆಮೇಲೆ ಅಳಿಸಿ.

ಇನ್ನು ಪ್ರಾಂಶುಪಾಲರ 300. ಅಪ್‌ಡೇಟ್ ಸರಿಮಾಡಿ, ಕ್ಯೂ ಹಾಕಿ, ಅಪ್‌ಡೇಟ್ ಬರುವ ಆ ಬುಧವಾರವೂ ಒಳಗೆ ಬರುವಂತೆ ಒಂದು ತಿಂಗಳು ಗ್ರಾಫ್ ಓಡಲಿ. ಅಷ್ಟಾದ ಮೇಲೂ ದಿನಾ ಗಂಟೆಗಟ್ಟಲೆ ಲೈನ್ ಎಂಬತ್ತು ಪರ್ಸೆಂಟಿನ ಮೇಲೇ ಇದ್ದರೆ ನಿಮಗೆ ನಿಜಕ್ಕೂ ದೊಡ್ಡ ಲೈನ್ ಬೇಕು, ಆ ಗ್ರಾಫನ್ನೇ ಪ್ರಿಂಟ್ ತೆಗೆದು ಅರ್ಜಿಯ ಜೊತೆ ಲಗತ್ತಿಸಿ. ಸಹಿ ಹಾಕುವ ಮೊದಲು ಲೈನ್ ಕೊಡುವವರನ್ನು ಅಪ್‌ಲೋಡ್ ಎಷ್ಟು ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. 300ರ ಪ್ಲಾನಿನಲ್ಲೂ ಅದು 20ರಲ್ಲೇ ಇದ್ದರೆ ಆ ದುಡ್ಡಿಗೆ ಲ್ಯಾಬಿಗೊಂದು ಮ್ಯಾನೇಜ್ಡ್ ಸ್ವಿಚ್ ತೆಗೆದುಕೊಳ್ಳಿ.